ಒಂದು ನೆಲ ಬಿಟ್ಟು

ಬ್ಲೀಚಿಂಗ್ ಪೌಡರ್ ವಾಸನೆ ಬರುವ ಹಂದಿಮನೆಯನ್ನು ನಾನು ನೋಡಿದ್ದು ಅದೊಂದೇ. ಹುತ್ತೂರು ಕಡೆಯ ಪಶು ಆಸ್ಪತ್ರೆಯಲ್ಲಿ ನಾನು ಪರೀಕ್ಷಕಿ. ಡಾಕ್ಟರಲ್ಲ, ಡಾಕ್ಟರ ಕೈಕೆಳಗೆ ಊರೂರು ತಿರುಗಿ ಸೂಜಿ ಹಾಕುವವಳು. ಜನ ಮಾತ್ರ ಡಾಕ್ಟ್ರಮ್ಮ ಅಂತಲೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಬಿಟ್ಟಿದ್ದೇನೆ. ಹಂದಿ ಸಾಕುವ ಕಡೆ ಹೋಗುವಾಗ ದುಪಟ್ಟಾವನ್ನು ಮೂಗಿಗೆ ಕಟ್ಟಿಕೊಳ್ಳುವುದು ನನ್ನ ರೂಢಿ. ಆ ಹಂದಿಮನೆ ನಡೆಸುತ್ತಿದ್ದ ಅಕ್ಕನ ಶೆಡ್ಡಿಗೆ ಮೊದಲ ಸಲ ಹೋದಾಗಲೂ ಕಟ್ಟಿಕೊಂಡೇ ಹೋದೆ. ಅವರು ಬಾಗಿಲಲ್ಲೇ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಔಷಧಿ ನೀರಿದ್ದ ತಟ್ಟೆಯಲ್ಲಿ ಕಾಲು ಅದ್ದಿ ಬನ್ನಿ ಅಂದರು. ಒಳಗೆ ಸಿಮೆಂಟು ಹಾಸು ಆಗಷ್ಟೇ ತೊಳೆದ ಹಾಗಿತ್ತು. ಗೋಡೆಗೆ ಹೊಸ ಸುಣ್ಣ. ಮೂಲೆಯಲ್ಲಿ ಬಿಳಿ ಹಂದಿಯೊಂದು ಮಲಗಿಕೊಂಡೇ ನನ್ನನ್ನು ಅನುಮಾನದಿಂದ ನೋಡುತ್ತಿತ್ತು. ನಮ್ಮ ಆಸ್ಪತ್ರೆ ಅಷ್ಟು ಚೊಕ್ಕಟವಾಗಿದ್ದುದನ್ನು ನಾನು ಒಂದು ದಿನವೂ ಕಂಡಿಲ್ಲ. ದುಪಟ್ಟಾ ಬಿಚ್ಚಿ ಹೆಗಲಿಗೆ ಹಾಕಿಕೊಂಡೆ.

ಅದು ಮೊದಲು ರೇಷ್ಮೆ ಹುಳು ಸಾಕುವ ಹುಳುಮನೆಯಾಗಿತ್ತು. ಅಕ್ಕ ಮಾಲೂರು ಕಡೆಯಿಂದ ಮದುವೆಯಾಗಿ ಬಂದವರು. ಬಂದಾಗಿನಿಂದ ಇಪ್ಪತ್ತು ವರ್ಷ ಹುಳು ಸಾಕಿದ್ದರು. ಹುಳು ಸಾಕುವವರ ಮಡಿ ದೇವರ ಮನೆಯ ಮಡಿಗಿಂತ ಹೆಚ್ಚು. ಹೊರಗಿನ ಕಾಲು ಒಳಗೆ ಬರಬಾರದು, ತೊಳೆಯದ ಕೈ ಸೊಪ್ಪು ಮುಟ್ಟಬಾರದು, ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಮನೆಯನ್ನೆಲ್ಲ ತೊಳೆದು ಸುಣ್ಣ ಹೊಡೆಯಬೇಕು. ಇಷ್ಟೆಲ್ಲ ಮಾಡಿದರೂ ಅವರ ಹುಳುಗಳಿಗೆ ಮೇಲಿಂದ ಮೇಲೆ ಸಪ್ಪೆ ರೋಗ ಬಂತು. ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳುಗಳು ಮೆತ್ತಗಾಗಿ ಸಾಯುತ್ತಿದ್ದವು. ಕೊನೆಗೆ ಅಕ್ಕ ಹಟ ಹಿಡಿದು, ಒಂದು ತರಬೇತಿಗೆ ಹೋಗಿ ಬಂದು, ಒಂದು ಹೆಣ್ಣು ಸೀಮೆಹಂದಿ ತಂದರು. ಹುಳು ಹೋಯಿತು, ಹುಳುಮನೆಯ ಮಡಿ ಹೋಗಲಿಲ್ಲ. ದಿನಕ್ಕೆ ಎರಡು ಸಲ ಶೆಡ್ಡು ತೊಳೆಯುತ್ತಿದ್ದರು. ಉಳಿಸಿಕೊಂಡಿದ್ದ ಅರ್ಧ ಎಕರೆ ಹಿಪ್ಪುನೇರಳೆಯ ಸೊಪ್ಪನ್ನು ಆಗಷ್ಟೇ ಮೊಟ್ಟೆಯೊಡೆದ ಹುಳುಗಳಿಗೆ ಹೆಚ್ಚುವಷ್ಟೇ ಸಣ್ಣಗೆ ಹೆಚ್ಚಿ ಹಂದಿಯ ಮುಂದೆ ಇಡುತ್ತಿದ್ದರು. ಹಂದಿಗೆ ಹಲ್ಲಿದೆ ಅಕ್ಕ ಎಂದು ನಾನು ಎಷ್ಟು ರೇಗಿಸಿದರೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ಅವರ ಕಡೆ ಯಾರೂ ಇರಲಿಲ್ಲ. ಅವರ ಅತ್ತೆ ಶ್ರೀನಿವಾಸಪುರದ ಕಡೆಯವರು, ಮನೆಮಾತು ತೆಲುಗು, ಬಾಯಿ ಜೋರು. ಹಂದಿ ಬಂದ ದಿನದಿಂದ ಅತ್ತೆ ಸೊಸೆಯ ಕೈಯಿಂದ ಕಾಫಿ ಕುಡಿಯುವುದನ್ನು ಬಿಟ್ಟರು. ಜಗಲಿಯ ಮೇಲೆ ಬೇರೆ ಸ್ಟೌವಿಟ್ಟುಕೊಂಡು ತಮ್ಮ ಕಾಫಿ ತಾವೇ ಕಾಸಿಕೊಳ್ಳುತ್ತಿದ್ದರು. ಗಂಡ ನರಸಾಪುರದ ಕಡೆ ಕಂಪನಿಯಲ್ಲಿ ಶಿಫ್ಟು ಕೆಲಸ ಮಾಡುವವರು, ಯಾವುದಕ್ಕೂ ಹೌದೂ ಅನ್ನುವುದಿಲ್ಲ ಇಲ್ಲವೂ ಅನ್ನುವುದಿಲ್ಲ.

ಮೊದಲ ಸೂಲಿನ ಮರಿಗಳು ಮುಂಗಾರು ಶುರುವಾದ ವಾರದಲ್ಲೇ ಗಂಟಲು ಬೇನೆಯಿಂದ ಹೋದವು. ಗಂಟಲು ಊದಿ, ಜ್ವರ ಏರಿ, ಬಾಯಿ ತೆರೆದು ಉಸಿರಾಡುತ್ತಾ ಸಾಯುವ ರೋಗ ಅದು. ಬ್ಯಾಕ್ಟೀರಿಯಾದಿಂದ ಬರುತ್ತದೆ, ಅದಕ್ಕೆ ಲಸಿಕೆ ಇದೆ. ಲಸಿಕೆ ಹಾಕಿಸಿರಲಿಲ್ಲ, ಆದ್ದರಿಂದ ಹೋದವು ಎಂದು ನಾನು ದೊಡ್ಡ ಮನುಷ್ಯಳ ಹಾಗೆ ಭಾಷಣ ಮಾಡಿ ಬಂದೆ. ಎರಡನೇ ಸೂಲಿಗೆ ನಾನೇ ಹೋಗಿ, ಎರಡು ತಿಂಗಳು ತುಂಬುತ್ತಿದ್ದ ಹನ್ನೊಂದು ಮರಿಗೂ ನನ್ನ ಕೈಯಾರೆ ಲಸಿಕೆ ಹಾಕಿದೆ. ಮಳೆ ಬಂತು. ನಾಲ್ಕೇ ದಿನದಲ್ಲಿ ಏಳು ಮರಿ ಸತ್ತವು. ಬದುಕಿದ ನಾಲ್ಕನ್ನು ಅಕ್ಕ ಆಮೇಲೆ ಮಾರಿದರು. ನಾನು ಹೋದಾಗ ಅಕ್ಕ ಶೆಡ್ಡು ತೊಳೆಯುತ್ತಿದ್ದರು. ಪೊರಕೆ ನಿಲ್ಲಿಸಿ ಕೇಳಿದರು.

“ಸೂಜಿ ಹಾಕಿದ್ರೂ ಯಾಕ್ ಹೋದ್ವು ಡಾಕ್ಟ್ರಮ್ಮ?”

ಬೈದಿದ್ದರೆ ಚೆನ್ನಾಗಿತ್ತು. ಬೈದವರಿಗೆ ತಿರುಗಿ ಬೈಯುವುದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದರು. ಕೆಲವಕ್ಕೆ ಲಸಿಕೆ ಹತ್ತುವುದಿಲ್ಲ ಅಕ್ಕ ಅಂದೆ. ಆಸ್ಪತ್ರೆಗೆ ಬಂದು ಬಾಟಲಿಯ ತಾರೀಖು ನೋಡಿದೆ, ಐಸ್ ಡಬ್ಬಿ ನೋಡಿದೆ, ಎಷ್ಟು ಹಾಕಿದೆ ಎಂದು ಬರೆದ ಪುಸ್ತಕ ನೋಡಿದೆ. ಎಲ್ಲ ಸರಿಯಾಗಿತ್ತು. ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತೋ ಏನೋ.

ಮುಂದಿನ ವಾರ ಇನ್ನೊಂದು ಸುದ್ದಿ ತಿಳಿಯಿತು. ಟೊಮೆಟೊ ಕ್ರೇಟು ಇಟ್ಟುಕೊಳ್ಳಲು ಜಾಗ ಹುಡುಕುತ್ತಿದ್ದ ಒಬ್ಬರು ಆ ಶೆಡ್ಡು ಕೇಳಿದ್ದರು. ಗಂಡ ಮೊದಲ ಸಲ ಬಾಯಿಬಿಟ್ಟು, ಇನ್ನೊಂದು ಸೂಲು ನೋಡೋಣ, ಅದೂ ಹೋದರೆ ಹಂದಿ ಮಾರಿ ಶೆಡ್ಡು ಅವರಿಗೆ ಕೊಡೋಣ ಅಂದಿದ್ದರು. ಅಕ್ಕನಿಗೆ ಆ ಮನೆಯಲ್ಲಿ ತನ್ನದು ಅನ್ನುವ ಜಾಗ ಅದೊಂದೇ ಇದ್ದದ್ದು. ಹುಳುವಿದ್ದಾಗಲೂ ಹಂದಿಯಿದ್ದಾಗಲೂ ಅದರ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು.

ಪ್ರಶ್ನೆಯೊಂದು ತಲೆಗೆ ಹೊಕ್ಕರೆ ನನಗೆ ಊಟ ಸೇರುವುದಿಲ್ಲ. ನಮ್ಮ ಡಾಕ್ಟರ ಪ್ರಾಣ ತಿನ್ನಲು ಶುರು ಮಾಡಿದೆ. ಅವರು ನನಗಿಂತ ಹತ್ತು ವರ್ಷ ಚಿಕ್ಕವರು, ತಾಳ್ಮೆಯ ಮನುಷ್ಯ. ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ಔಷಧಿ ಡಬ್ಬಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ದೇಹಕ್ಕೆ ಎರಡು ಕಾವಲು ಇರುತ್ತದಂತೆ. ಒಂದು ಹುಟ್ಟಿನಿಂದ ಬಂದದ್ದು. ಅದು ಮಾವಿನ ತೋಪಿನ ಕಾವಲುಗಾರನ ಹಾಗೆ. ಒಳಗೆ ಬಂದವನು ಯಾರು, ಯಾವ ಊರು ಎಂದು ನೋಡುವುದಿಲ್ಲ, ಕೋಲು ಎತ್ತುತ್ತದೆ, ಕೂಗು ಹಾಕುತ್ತದೆ. ಇನ್ನೊಂದು ಕಲಿತು ಬರುವ ಕಾವಲು, ಕಳ್ಳನ ಫೋಟೋ ಇಟ್ಟುಕೊಂಡು ಹುಡುಕುವ ಪೊಲೀಸು. ನಾವು ಹಾಕುವ ಲಸಿಕೆ ಅಂದರೆ ಆ ಫೋಟೋ. ಆದರೆ ಫೋಟೋವನ್ನು ಸ್ಟೇಷನ್ನಿಗೆ ಮುಟ್ಟಿಸುವವನು, ಎದ್ದೇಳಿ ಎಂದು ಪೊಲೀಸರನ್ನು ಎಬ್ಬಿಸುವವನು ಆ ಕಾವಲುಗಾರನೇ. ಅವನು ತೂಕಡಿಸುತ್ತಿದ್ದರೆ ಫೋಟೋ ತೋಪಿನ ಬೇಲಿಯಲ್ಲೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಲಸಿಕೆಗೆ ಮೊದಲು ಕಾವಲುಗಾರನನ್ನು ಎಚ್ಚರಿಸುವುದು ಹೇಗೆ ಎಂದು ಓದಿಕೊಂಡವರು ಹುಡುಕುತ್ತಿದ್ದಾರೆ, ಹಿಟ್ಟು ಹುದುಗಿಸುವ ಯೀಸ್ಟಿನ ಸಿಪ್ಪೆಯನ್ನು ಮೇವಿನಲ್ಲಿ ಕೊಟ್ಟು ನೋಡುವವರೂ ಇದ್ದಾರೆ, ಇನ್ನೂ ಪೂರ್ತಿ ತಿಳಿದಿಲ್ಲ ಅಂದರು.

ಕಾವಲುಗಾರ ತೂಕಡಿಸುವುದಾದರೂ ಯಾಕೆ ಸಾರ್ ಎಂದು ಕೇಳಿದೆ. ಕಾರಣ ಬಹಳ ಇರಬಹುದು, ಮೇವು, ಜಂತು, ರಕ್ತ ಕಮ್ಮಿಯಾಗಿರುವುದು ಅಂದರು. ಆಮೇಲೆ ಟೀ ಲೋಟ ಕೆಳಗಿಟ್ಟು, ಒಬ್ಬನೇ ಒಬ್ಬ ಕಳ್ಳನೂ ಸುಳಿಯದ ತೋಪಿನಲ್ಲಿ ಯಾರಿಗಾದರೂ ನಿದ್ದೆ ಬರುತ್ತದಲ್ಲ ಮೇಡಂ ಎಂದು ನಕ್ಕರು. ಆ ಕ್ಷಣವೇ ನನಗೆ ಬ್ಲೀಚಿಂಗ್ ಪೌಡರ್ ವಾಸನೆ ನೆನಪಾಗಬೇಕಿತ್ತು. ಆಗಲಿಲ್ಲ. ಚಿತ್ರ ಬರೆದ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಅಕ್ಕನಿಗೆ ತೋರಿಸಿ, ಕಾವಲುಗಾರನ ಕತೆ, ನಿದ್ದೆಯ ಮಾತು, ಎಲ್ಲವನ್ನೂ ನನ್ನದೇ ಬುದ್ಧಿ ಅನ್ನುವ ಹಾಗೆ ಒಪ್ಪಿಸಿದೆ.

ಅಕ್ಕ ಕೇಳಿದ್ದು ಮಾತ್ರ ನಾನು ಊಹಿಸಿರದ ಪ್ರಶ್ನೆ. ಹಂದಿಗೆ ಲಸಿಕೆ ಇದೆ, ಕೋಳಿಗೆ ಇದೆ, ರೇಷ್ಮೆ ಹುಳಕ್ಕೆ ಯಾಕಿಲ್ಲ ಅಂದರು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಹುಳುಹುಪ್ಪಟೆಗಳಿಗೆ ಹುಟ್ಟಿನ ಕಾವಲು ಒಂದೇ ಇರುವುದು, ಫೋಟೋ ಇಟ್ಟುಕೊಳ್ಳುವ ಪೊಲೀಸು ಅವುಗಳಿಗಿಲ್ಲ ಅಂದರು. ಅದನ್ನು ಅಕ್ಕನಿಗೆ ಹೇಳಿದೆ. ಅವರು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದರು.

“ಹಂಗಾದ್ರೆ ನನ್ ಹುಳಕ್ಕೆ ಕಾವ್ಲುಗಾರ ಒಬ್ನೇ ಇದ್ದ,” ಅಂದರು. “ನಾನು ಅವನ್ನೂ ತೊಳ್ದು ತೊಳ್ದು ಮಲಗಿಸ್ಬಿಟ್ನೇನೋ.”

ಹುಳುವಿನ ರೋಗಕ್ಕೆ ಕಾರಣ ಬೇರೆ, ಹುಳುಮನೆ ತೊಳೆಯಲೇಬೇಕು ಎಂದು ನಾನು ಅವಸರದಲ್ಲಿ ಸಮಾಧಾನ ಹೇಳಿದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮೂರನೇ ಸೂಲು ಶಿವರಾತ್ರಿಯ ಹೊತ್ತಿಗೆ ಆಯಿತು. ಒಂಬತ್ತು ಮರಿ. ಮೂರನೇ ದಿನ ಹೋಗಿ ರಕ್ತ ಹೆಚ್ಚಲು ಕಬ್ಬಿಣದ ಸೂಜಿ ಕೊಟ್ಟು ಬಂದೆ. ಎರಡು ತಿಂಗಳು ತುಂಬಿದಾಗ ಲಸಿಕೆಯ ಡಬ್ಬಿ ತೆಗೆದುಕೊಂಡು ಹೋದರೆ ಮರಿಗಳು ನನಗೆ ಹಿಡಿಸಲಿಲ್ಲ. ತಾಯಿ ಹಾಲು ಬಿಟ್ಟ ಮೇಲೆ ಭೇದಿ ಶುರುವಾಗಿ ಸೊರಗಿದ್ದವು. ಕಿವಿ ಬಿಳಿಚಿಕೊಂಡಿತ್ತು, ಕೂದಲು ಒರಟಾಗಿತ್ತು. ಎರಡು ಮರಿಗಳಂತೂ ನಾನು ಹಿಡಿದರೂ ಕಿರುಚಲಿಲ್ಲ. ಹಿಡಿದರೆ ಕಿರುಚದ ಹಂದಿಮರಿ ನೆಟ್ಟಗಿಲ್ಲ ಎಂದೇ ಅರ್ಥ. ಡಬ್ಬಿ ಮುಚ್ಚಿಕೊಂಡು, ಭೇದಿಗೆ ಔಷಧಿ ಕೊಟ್ಟು ವಾಪಸು ಬಂದೆ.

ಡಾಕ್ಟರು ಒಂದು ತಿಂಗಳು ತಡೆದು ಹಾಕೋಣ ಅಂದರು. ತೀರಾ ಎಳೆಯ ಮರಿಗಳಲ್ಲಿ ತಾಯಿಯ ಹಾಲಿನಿಂದ ಬಂದ ರಕ್ಷಣೆಯೇ ಒಮ್ಮೊಮ್ಮೆ ಲಸಿಕೆಗೆ ಅಡ್ಡ ಬರುತ್ತದಂತೆ. ಅಷ್ಟರಲ್ಲಿ ನನ್ನನ್ನು ಮುಳಬಾಗಿಲು ಕಡೆ ಹಸುಗಳ ಕಾಲುಬಾಯಿ ಜ್ವರದ ಲಸಿಕೆಗೆ ಕಳಿಸಿದರು. ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು, ಲಾರಿಗಳ ಸದ್ದಿನಲ್ಲಿ ಅಕ್ಕನಿಗೆ ವಿಷಯ ಹೇಳಿದೆ. ಅವರು ಎರಡು ಸಲ ಏನಂದ್ರಿ, ಏನಂದ್ರಿ ಅಂದರು. ಎರಡು ಸಲವೂ ಅದೇ ಮಾತು ಹೇಳಿದೆ. ಆಯ್ತು ಡಾಕ್ಟ್ರಮ್ಮ ಅಂದರು.

ಆ ತಿಂಗಳು ಆವನಿ, ಬೈರಕೂರು ಸುತ್ತಮುತ್ತ ಮನೆಮನೆಯ ಕೊಟ್ಟಿಗೆ ಸುತ್ತಿದೆ. ಬೈರಕೂರು ನನ್ನ ತವರು. ಅಲ್ಲಿ ಹಸುವನ್ನು ಬೈಯುವುದೂ ತೆಲುಗಿನಲ್ಲಿ, ಮುದ್ದು ಮಾಡುವುದೂ ತೆಲುಗಿನಲ್ಲಿ. ನನಗೂ ಕನ್ನಡ ತೆಲುಗಿನ ನಡುವೆ ಗೋಡೆ ಇಲ್ಲ. ಮಾವಿನ ಸುಗ್ಗಿ ಶುರುವಾಗುವ ಹೊತ್ತಿಗೆ ಕೆಲಸ ಮುಗಿಸಿ ಹುತ್ತೂರಿಗೆ ವಾಪಸು ಬಂದೆ.

ಬಂದ ಮಾರನೇ ದಿನವೇ ಅಕ್ಕನ ಶೆಡ್ಡಿಗೆ ಹೋದೆ. ಬಾಗಿಲು ತೆರೆದಿತ್ತು. ಕಾಲು ಅದ್ದುವ ತಟ್ಟೆ ಒಣಗಿತ್ತು. ಒಳಗೆ ತಾಯಿಹಂದಿ ಒಂದೇ ಮಲಗಿತ್ತು, ಮರಿಗಳ ಜಾಗ ಖಾಲಿ. ಇವೂ ಹೋದವು, ಫೋನು ಮಾಡಿ ಹೇಳಲೂ ಅಕ್ಕನಿಗೆ ಮನಸ್ಸು ಬರಲಿಲ್ಲವೇನೋ ಅಂದುಕೊಂಡೆ. ಟೊಮೆಟೊ ಕ್ರೇಟುಗಳು ಕಣ್ಣಿಗೆ ಕಟ್ಟಿದವು. ಆಗ ಹಿತ್ತಿಲ ಕಡೆಯಿಂದ ಕಿರುಚಾಟ ಕೇಳಿಸಿತು.

ಹಿಪ್ಪುನೇರಳೆ ತೋಟದ ಒಂದು ಮೂಲೆಗೆ ಸುತ್ತಲೂ ಬಲೆ ಕಟ್ಟಿದ್ದರು. ಅದರೊಳಗೆ ಒಂಬತ್ತು ಮರಿಗಳು ಕೆಂಪು ಮಣ್ಣನ್ನು ಮೂತಿಯಿಂದ ಉಳುತ್ತಿದ್ದವು. ಬಿಳಿ ಹಂದಿಗಳು ಎಂದು ಹೇಳುವ ಹಾಗೇ ಇರಲಿಲ್ಲ, ಮೂತಿಯಿಂದ ಬಾಲದವರೆಗೆ ಮಣ್ಣಿನ ಬಣ್ಣ. ಗಿಡದ ಬುಡದಲ್ಲಿ ಗುಂಡಿ ತೋಡಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅಕ್ಕ ಬೇಲಿಯ ಹೊರಗೆ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದರು. ಭಯ ಇಳಿದದ್ದೇ ತಡ ನನಗೆ ಕೋಪ ಏರಿತು. ಮಣ್ಣಿನಲ್ಲಿ ಜಂತಿನ ಮೊಟ್ಟೆ ಇರುತ್ತದೆ, ಹೊರಗಿನ ರೋಗ ಇರುತ್ತದೆ, ಯಾರನ್ನು ಕೇಳಿ ಹೊರಗೆ ಬಿಟ್ಟಿರಿ ಎಂದು ಒಂದೇ ಉಸಿರಿನಲ್ಲಿ ಬಯ್ದೆ.

“ನೀವೇ ಹೇಳಿದ್ರಲ್ಲ,” ಅಂದರು ಅಕ್ಕ. “ಒಂದ್ ನೆಲ ಬಿಟ್ಟು ಸೂಜಿ ಹಾಕೋಣ ಅಂತ. ಎರಡ್ ಸಲ ಹೇಳಿದ್ರಿ. ಮೂರು ದಿನ ನನಗೆ ಕೈ ಬರ್ಲಿಲ್ಲ. ಆಮೇಲೆ ನೆಲಕ್ಕೆ ಬಿಟ್ಟೆ.”

ಹೌದು, ಅದೇ ಮಾತು ಹೇಳಿದ್ದೆ. ತೆಲುಗಿನಲ್ಲಿ ನೆಲ ಅಂದರೆ ತಿಂಗಳು. ಬೈರಕೂರಿನಲ್ಲಿ ಹುಟ್ಟಿ ಬೆಳೆದ ನಾನು ಮಾತೆಲ್ಲ ಕನ್ನಡದಲ್ಲಿ ಆಡಿದರೂ ತಿಂಗಳನ್ನು ಮಾತ್ರ ಇವತ್ತಿಗೂ ನೆಲ ಅಂತಲೇ ಎಣಿಸುತ್ತೇನೆ. ನಾನು ಒಂದು ತಿಂಗಳು ಬಿಟ್ಟು ಅಂದಿದ್ದೆ. ಮಾಲೂರಿನ ಕಿವಿಗೆ ಅದು ಮರಿಗಳನ್ನು ನೆಲಕ್ಕೆ ಬಿಟ್ಟು ಎಂದು ಕೇಳಿಸಿತ್ತು.

ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹುಳುಮನೆಯಲ್ಲಿ ಇಪ್ಪತ್ತು ವರ್ಷ ಮಣ್ಣಿನ ಕಾಲನ್ನು ಒಳಗೆ ಬಿಡದ ಹೆಂಗಸು ನನ್ನ ಒಂದು ಮಾತಿಗೆ ಮರಿಗಳನ್ನೇ ಮಣ್ಣಿಗೆ ಬಿಟ್ಟಿದ್ದರು. ಅದೂ ನನ್ನ ಸೂಜಿಯನ್ನು ನಂಬಿ ಏಳು ಮರಿ ಕಳೆದುಕೊಂಡ ಮೇಲೆ. ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಹೂಂ, ಹೇಳಿದ್ದೆ ಅಂದೆ. ಒಂದು ಮರಿಯನ್ನು ಹಿಡಿದು ನೋಡಿದೆ. ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಮಣ್ಣು ಒರೆಸಿದರೆ ಕಿವಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಒಂಬತ್ತಕ್ಕೂ ಜಂತಿನ ಔಷಧಿ ಕೊಟ್ಟು, ವಾರದೊಳಗೆ ಲಸಿಕೆ ಹಾಕಿದೆ.

ಆ ಮೇಲಿನ ದಿನಗಳಲ್ಲಿ ನಾನು ಮೋಡವನ್ನು ನೋಡಿದಷ್ಟು ರೈತರೂ ನೋಡಿರಲಾರರು. ಜೂನಿನಲ್ಲಿ ಮಳೆ ಹಿಡಿಯಿತು. ಪಕ್ಕದ ಊರಿನ ಕೆರೆ ಕೆಳಗೆ ಸಾಕಿದ್ದ ಹಂದಿಗಳಲ್ಲಿ ಗಂಟಲು ಬೇನೆ ಕಾಣಿಸಿಕೊಂಡಿತು. ಆ ಹಂದಿಗಳನ್ನು ನೋಡಿದ ದಿನ, ರೋಗ ನನ್ನ ಕಾಲಿಗಂಟಿ ಬರಬಾರದೆಂದು, ನಾನು ಅಕ್ಕನ ತೋಟದ ಹತ್ತಿರ ಸುಳಿಯುತ್ತಿರಲಿಲ್ಲ. ರಸ್ತೆಯಲ್ಲೇ ನಿಂತು ಫೋನು ಮಾಡುತ್ತಿದ್ದೆ. ಪ್ರತಿ ಸಲವೂ ಅಕ್ಕ ಒಂಬತ್ತು ಅಂದಷ್ಟೇ ಹೇಳುತ್ತಿದ್ದರು. ಒಂದು ದಿನ, ಒಂಬತ್ತು ಇದಾವೆ, ಒಂದು ಮೇವು ಮುಟ್ಟಿಲ್ಲ ಅಂದರು. ಡಾಕ್ಟರನ್ನೇ ಕರೆದುಕೊಂಡು ಹೋದೆ. ಜ್ವರ ಇತ್ತು, ಗಂಟಲು ಸ್ವಲ್ಪ ಊದಿತ್ತು. ಔಷಧಿ ಶುರು ಮಾಡಿದೆವು. ಎರಡು ದಿನ ಅಕ್ಕ ಮರಿಯ ಪಕ್ಕದಲ್ಲೇ ಕೂತಿದ್ದರು. ಮೂರನೇ ದಿನ ಅದು ಎದ್ದು ಹೋಗಿ ಗುಂಡಿ ತೋಡಿತು. ಮಿಕ್ಕವು ಮಲಗಲೇ ಇಲ್ಲ.

ಯಾಕೆ ಸಾರ್ ಎಂದು ಮತ್ತೆ ಡಾಕ್ಟರ ಪ್ರಾಣ ತಿಂದೆ. ಈ ಸಲ ಅವರಿಗೆ ಮಾತ್ರ ನೆಲದ ಕತೆ ಪೂರ್ತಿ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಗಂಭೀರವಾದರು. ಮಣ್ಣಿನಲ್ಲಿರುವ ಕಬ್ಬಿಣ ತಿಂದು ರಕ್ತ ಕೂಡಿರಬಹುದು. ಮಣ್ಣಿನ ನಿರಪಾಯದ ಸೂಕ್ಷ್ಮ ಜೀವಿಗಳು ದಿನಾ ಮೂತಿಗೆ ತಾಗಿ ಕಾವಲುಗಾರ ಎಚ್ಚರವಾಗಿದ್ದಿರಬಹುದು. ತಿಂಗಳು ತಡೆದು ಹಾಕಿದ್ದರಿಂದ ಲಸಿಕೆಗೆ ಅಡ್ಡ ಬರುವುದು ತಪ್ಪಿರಬಹುದು. ಅಥವಾ ಈ ಸಲ ರೋಗ ಅಷ್ಟು ಜೋರಾಗಿ ಆ ತೋಟಕ್ಕೆ ಬರದೆಯೂ ಇರಬಹುದು. ಇದರಲ್ಲಿ ಯಾವುದು ಎಂದು ಕೇಳಿದೆ. ಗೊತ್ತಿಲ್ಲ ಅಂದರು. ಒಂದೇ ಸೂಲು ನೋಡಿ ಗೊತ್ತು ಅನ್ನುವವರನ್ನು ನಂಬಬೇಡಿ ಅಂದರು. ನನಗೋ ಅದು ಬಗೆಹರಿಯಲೇಬೇಕು. ಕೆಲಸ ಮಾಡಿದ್ದು ನಾನು ಹೇಳಿದ ನೆಲವೋ ಅಕ್ಕ ಕೇಳಿಸಿಕೊಂಡ ನೆಲವೋ? ಮರಿಗಳಿಗಂತೂ ಎರಡೂ ಸಿಕ್ಕಿತ್ತು.

ಶೆಡ್ಡು ಕೇಳಿದ್ದ ಮನುಷ್ಯ ಮತ್ತೆ ಬಂದಾಗ, ಅದು ಖಾಲಿ ಇಲ್ಲ ಎಂದು ಗಂಡನೇ ಹೇಳಿ ಕಳಿಸಿದರಂತೆ. ಆ ಸುದ್ದಿ ಕೇಳಿದ ಮೇಲೆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಲು ನನಗಾಗಲಿಲ್ಲ. ಹೋದೆ. ಅಕ್ಕ ಮೇವಿನ ತೊಟ್ಟಿ ತೊಳೆಯುತ್ತಿದ್ದರು. ಅಕ್ಕ, ಅವತ್ತು ನಾನು ನೆಲಕ್ಕೆ ಬಿಡಿ ಅಂದಿರಲಿಲ್ಲ, ತಿಂಗಳು ಬಿಡಿ ಅಂದಿದ್ದು ಎಂದು ಹೇಳಿಬಿಟ್ಟೆ.

ಅವರು ತೊಳೆಯುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಡಾಕ್ಟ್ರಮ್ಮ. ನಮ್ಮತ್ತೆ ತಿಂಗಳನ್ನ ನೆಲ ಅಂತ ಎಣಿಸೋದು ದಿನಾ ಕೇಳ್ತೀನಲ್ಲ, ಅವತ್ತೇ ತಿಳೀತು.”

ಆ ಮೂರು ದಿನ ಅವರು ಯೋಚಿಸಿದ್ದು ನನ್ನ ಮಾತಿನ ಅರ್ಥವನ್ನಲ್ಲ, ಮರಿಗಳನ್ನು ಮಣ್ಣಿಗೆ ಬಿಡುವುದೋ ಬೇಡವೋ ಎಂಬುದನ್ನು.

“ಇಪ್ಪತ್ತು ವರ್ಷದಿಂದ ತೊಳೀತಾನೇ ಇದೀನಿ,” ಅಂದರು. “ಹುಳಾನೂ ತೊಳ್ದೇ ಕಳ್ಕೊಂಡೆ, ಮರೀನೂ ತೊಳ್ದೇ ಕಳ್ಕೊಂಡೆ. ಕಳ್ಳ ಬರ್ದಿರೋ ತೋಪಲ್ಲಿ ಕಾವ್ಲುಗಾರ ಮಲಗ್ತಾನೆ ಅಂತ ನೀವೇ ಅಂದಿದ್ರಿ. ಫೋನ್ ಮಾಡಿ ಕೇಳಿದ್ರೆ ಬೇಡ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ.”

ಬೇಡ ಎಂದೇ ಅನ್ನುತ್ತಿದ್ದೆ. ಅದರಲ್ಲಿ ಅನುಮಾನವೇ ಇಲ್ಲ. ಮರಿಗಳು ಹೋಗಿದ್ದರೆ ಮನೆಯಲ್ಲಿ ಏನು ಹೇಳುತ್ತಿದ್ದಿರಿ, ಡಾಕ್ಟ್ರಮ್ಮ ಹೇಳಿದ್ದು ಅಂತಲಾ ಎಂದು ಕೇಳಿದೆ. ನನ್ನ ಧ್ವನಿಯಲ್ಲಿ ಸ್ವಲ್ಪ ನೋವಿತ್ತು, ಅದು ಅವರಿಗೂ ಕೇಳಿಸಿರಬೇಕು. ತೊಟ್ಟಿ ಮಗುಚಿ ನೀರು ಚೆಲ್ಲಿ, ಮೊದಲ ಸಲ ನನ್ನ ಮುಖ ನೋಡಿದರು.

“ಇಲ್ಲ,” ಅಂದರು. “ನನಗೆ ತೆಲುಗು ಬರಲ್ಲ, ನಾನೇ ತಪ್ಪು ಕೇಳಿಸ್ಕೊಂಡೆ ಅಂತಿದ್ದೆ.”